ಮಿರ್ಚಿಗೆ ಎಷ್ಟು ಗಂಟೆ ವಯಸ್ಸು?

ಹೋಟೆಲ್ ಅಡುಗೆಮನೆಗಳಿಗೆ ಹೋಗಿ ಆಹಾರ ಸುರಕ್ಷತೆಯ ತರಬೇತಿ ಕೊಡುವುದು ನನ್ನ ಕೆಲಸ. ಅಂಗಿ ಜೇಬಲ್ಲಿ ಪೆನ್ನಿನ ಪಕ್ಕ ಒಂದು ಥರ್ಮಾಮೀಟರ್ ಯಾವಾಗಲೂ ಇರುತ್ತೆ. ತುದಿ ಸೂಜಿಯ ಹಾಗೆ. ಪಲ್ಯಕ್ಕೋ ಅನ್ನಕ್ಕೋ ಚುಚ್ಚಿದರೆ ಒಳಗೆ ಎಷ್ಟು ಬಿಸಿ ಇದೆ ಅಂತ ತೋರಿಸುತ್ತೆ. ಇದೇ ಕಾರಣಕ್ಕೆ ನನ್ನ ಜೊತೆ ಹೊರಗೆ ಊಟಕ್ಕೆ ಬರಲು ಮನೆಯವರು ಹಿಂದೆ ಮುಂದೆ ನೋಡುತ್ತಾರೆ.

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ಬಳ್ಳಾರಿಗೆ ಬಂದಿದ್ದ. ಸಂಜೆ ನಾನು ಎಂದಿನಂತೆ ಮಿರ್ಚಿ ಬಂಡಿ ಕಡೆ ಹೊರಟೆ. ಅವನು ತಡೆದ. "ಮಾವ, ಬಂಡ್ಯಾಗ ಬ್ಯಾಡ. ಹೊಸದೊಂದು ಪಬ್ ಆಗೇತಿ. ಮಿರ್ಚಿ, ಪಾನಿಪುರಿ ಎಲ್ಲಾ ಅಲ್ಲೇ ಸಿಗ್ತದ. ಎಸಿ ಐತಿ, ಬಿಯರೂ ಐತಿ. ಕ್ಲೀನ್ ಇರ್ತದ."

ಆ ಕೊನೆಯ ಮಾತಿಗೇ ಈ ಅಂಕಣ.

ಜಾಗವೇನೋ ಚೆನ್ನಾಗಿತ್ತು. ಗೋಡೆ ಮೇಲೆ ಲಾರಿ ಹಿಂದೆ ಬರೆಯುವಂಥ ಚಿತ್ರಗಳು. ಮೂಲೆಯಲ್ಲಿ ಬಣ್ಣ ಬಳಿದ ಒಂದು ತಳ್ಳುಗಾಡಿ, ಫೋಟೋ ತೆಗೆಸಿಕೊಳ್ಳಲು. ಒಗ್ಗರಣೆ-ಮಿರ್ಚಿ ಒಂದು ಗೇಣುದ್ದದ ಮರದ ಬಂಡಿಯಲ್ಲಿ ಮೇಜಿಗೆ ಬಂತು. ಕೆಳಗೆ ಹಾಸಿದ್ದು ದಿನಪತ್ರಿಕೆ! ಮುಟ್ಟಿ ನೋಡಿದೆ. ಅಲ್ಲ, ದಿನಪತ್ರಿಕೆಯ ಹಾಗೆ ಅಚ್ಚು ಹಾಕಿದ ಬಟರ್ ಪೇಪರ್. ಶಾಯಿ ಎಣ್ಣೆಗೆ ಬಿಡುತ್ತೆ, ನ್ಯೂಸ್ ಪೇಪರ್‌ನಲ್ಲಿ ತಿಂಡಿ ಕಟ್ಟಬೇಡಿ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2023ರಲ್ಲಿ ಮತ್ತೆ ಹೇಳಿತು. ಬಂಡಿಯವರು ಇನ್ನೂ ಅದನ್ನೇ ಹರಿಯುತ್ತಿದ್ದಾರೆ. ಇಲ್ಲಿ ದುಡ್ಡು ಕೊಟ್ಟು ಅದರ ನಕಲು ತರಿಸಿದ್ದಾರೆ. ನಗು ಬಂತು.

ಮಂಡಕ್ಕಿ ನೆನೆಸಿ, ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಶಿನದ ಜೊತೆ ಬಾಡಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿದ ಒಗ್ಗರಣೆ ನಮಗೆ ಬೆಳಗಿನ ತಿಂಡಿಯೂ ಹೌದು, ಸಂಜೆಯದೂ ಹೌದು. ಗಡಿ ದಾಟಿ ಗುಂತಕಲ್ ಕಡೆ ಹೋದರೆ ಇದೇ 'ಉಗ್ಗಾನಿ-ಬಜ್ಜಿ' ಆಗುತ್ತೆ. ಜೊತೆಗಿರುವ ಮಿರ್ಚಿಯ ಗುಟ್ಟು ಬಾಣಲೆಯಿಂದ ಬಾಯಿಗೆ ಇರುವ ದೂರದಲ್ಲಿದೆ. ಬಂಡಿಯಲ್ಲಿ ಅದು ಎರಡು ಮೊಳ. ಗಿರಾಕಿಗಳು ಸುತ್ತ ನಿಂತಿರುತ್ತಾರೆ. ಜಾರದಿಂದ ಎತ್ತಿ ತಟ್ಟೆಗೆ ಹಾಕುವ ಹೊತ್ತಿಗೆ ಕೈಗಳು ಚಾಚಿರುತ್ತವೆ. ಹೊಸದಾಗಿ ಕರಿದದ್ದಕ್ಕೆ ಕೆಡಲು ಸಮಯವೇ ಸಿಗುವುದಿಲ್ಲ.

ನಮ್ಮ ಮೇಜಿಗೆ ಮಿರ್ಚಿ ಬಂದದ್ದು ಆರ್ಡರ್ ಕೊಟ್ಟ ಮೂರೇ ನಿಮಿಷಕ್ಕೆ. ಶನಿವಾರ ರಾತ್ರಿ, ಎಲ್ಲ ಮೇಜೂ ತುಂಬಿವೆ. ಹಿಟ್ಟಲ್ಲಿ ಅದ್ದಿ, ಕರಿದು, ಬಸಿದು, ಜೋಡಿಸಿ ತರಲು ಮೂರು ನಿಮಿಷ ಸಾಕಾ? ಮೇಲೆ ಗರಿಗರಿ, ಸುಡುತ್ತಿತ್ತು. ಮುರಿದೆ. ಮೆಣಸಿನಕಾಯಿಗೆ ಅಂಟಿದ ಹಿಟ್ಟು ಒದ್ದೆ ಒದ್ದೆ. ಇನ್ನೊಂದನ್ನು ಮೇಜಿನ ಕೆಳಗೆ ಹಿಡಿದು ಥರ್ಮಾಮೀಟರ್ ಚುಚ್ಚಿದೆ. 41 ಡಿಗ್ರಿ. ಅಳಿಯ ತಲೆ ತಗ್ಗಿಸಿ ಮೊಬೈಲ್ ನೋಡತೊಡಗಿದ.

ಇದಕ್ಕೆ ಅಡುಗೆಮನೆಯಲ್ಲಿ 'ಹಾಫ್ ಫ್ರೈ' ಅನ್ನುತ್ತಾರೆ. ಮಧ್ಯಾಹ್ನ ಕೈ ಖಾಲಿ ಇರುವಾಗ ನೂರಿನ್ನೂರು ಮಿರ್ಚಿ ಅರ್ಧ ಕರಿದು ಇಟ್ಟುಕೊಳ್ಳುವುದು. ರಾತ್ರಿ ಆರ್ಡರ್ ಬಂದಾಗ ಮತ್ತೆ ಒಂದು ನಿಮಿಷ ಎಣ್ಣೆಗೆ ಬಿಡುವುದು. ಗೋಬಿ, ಕಬಾಬ್, ಬೋಂಡಾ ಎಲ್ಲಕ್ಕೂ ಇದೇ ದಾರಿ. ಹಾಫ್ ಫ್ರೈ ಮಾಡುವುದು ತಪ್ಪಲ್ಲ. ಇಪ್ಪತ್ತು ಮೇಜು ಇರುವ ಕಡೆ ಬೇರೆ ಉಪಾಯವೂ ಇಲ್ಲ. ಆದರೆ ಅರ್ಧ ಕರಿದದ್ದನ್ನು ಬೇಗ ಆರಿಸಿ ಫ್ರಿಜ್‌ಗೆ ಸೇರಿಸಬೇಕು. ಮತ್ತೆ ಕರಿಯುವಾಗ ನಡುಭಾಗ 75 ಡಿಗ್ರಿ ಮುಟ್ಟಬೇಕು. ನಾನು ಹೋಗುವ ಅಡುಗೆಮನೆಗಳಲ್ಲಿ ಆ ಟ್ರೇ ಜಾಸ್ತಿ ಸಲ ಸಿಗುವುದು ಫ್ರಿಜ್ಜಿನ ಒಳಗಲ್ಲ, ಫ್ರಿಜ್ಜಿನ ಮೇಲೆ. ಅದರ ಮೇಲೊಂದು ಬಟ್ಟೆ.

ನಮ್ಮ ವೃತ್ತಿಯಲ್ಲಿ 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಜಾಗಕ್ಕೆ ಅಪಾಯದ ವಲಯ ಅಂತ ಹೆಸರು. ಅದರ ಕೆಳಗೆ ಬ್ಯಾಕ್ಟೀರಿಯಾ ಮುದುಡಿ ಕೂರುತ್ತವೆ. ಮೇಲೆ ಹೋದರೆ ಬೆಳೆಯಲಾರವು. ನಡುವೆ ಇದ್ದರೆ ಅವುಗಳದೇ ರಾಜ್ಯ. ಅನುಕೂಲ ಸಿಕ್ಕರೆ ಕೆಲವು ಜಾತಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಒಂದು ಇದ್ದದ್ದು ಒಂದು ಗಂಟೆಗೆ ಎಂಟು, ಐದು ಗಂಟೆಗೆ ಮೂವತ್ತು ಸಾವಿರ ದಾಟುತ್ತೆ. ಇನ್ನು ಬಳ್ಳಾರಿ ಬಿಸಿಲಿನ ಬಗ್ಗೆ ನಾನು ಹೇಳಬೇಕೇ? ಏಪ್ರಿಲ್-ಮೇನಲ್ಲಿ ಹೊರಗೇ 40 ಡಿಗ್ರಿ ದಾಟುತ್ತೆ, ನಾಲ್ಕು ಒಲೆ ಉರಿಯುವ ಅಡುಗೆಮನೆಯಲ್ಲಿ ಇನ್ನೂ ಜಾಸ್ತಿ. ನಾವು ಸೆಕೆ ಅಂತ ಒದ್ದಾಡುವ ಹವೆ ಅವಕ್ಕೆ ತವರುಮನೆ. ಗಿರಾಕಿ ಕೂರುವ ಕಡೆ ಎಸಿ ಇರುತ್ತೆ, ಟ್ರೇ ಇರುವ ಕಡೆ ಇರುವುದಿಲ್ಲ.

ನಾನೂ ಮೋಸ ಹೋಗಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹೋಟೆಲ್ಲಿನ ಅಡುಗೆಮನೆ ನೋಡಿ ಮೆಚ್ಚಿ ಹೋಗಿದ್ದೆ. ಬಿಳಿ ಟೈಲ್ಸ್, ಎಲ್ಲರ ತಲೆಗೂ ಟೋಪಿ, ಕೈಗೆ ಗ್ಲೌಸ್. ಒಳ್ಳೆ ಮಾರ್ಕು ಕೊಟ್ಟು ಹೊರಟವನು ಸುಮ್ನೆ ಆಲೂಗಡ್ಡೆ ಪಲ್ಯದ ಪಾತ್ರೆಗೆ ಥರ್ಮಾಮೀಟರ್ ಇಳಿಸಿದೆ. 38 ಡಿಗ್ರಿ. ಬೆಳಿಗ್ಗೆ ಆರಕ್ಕೆ ಮಾಡಿದ್ದು, ಆಗ ಗಂಟೆ ಎರಡು. ಗ್ಲೌಸ್ ಹಾಕಿದ ಹುಡುಗ ಅದೇ ಗ್ಲೌಸಿನಲ್ಲಿ ಮೂಗು ಒರೆಸಿಕೊಂಡ. ಅವತ್ತಿನಿಂದ ಟೈಲ್ಸ್‌ಗೆ ನಾನು ಮಾರ್ಕು ಕೊಡುವುದಿಲ್ಲ.

ಹಾಗಂತ ಬಂಡಿಯೇ ಮೇಲು ಅಂತ ಓಡಬೇಡಿ. ತಟ್ಟೆ ತೊಳೆಯುವ ಬಕೆಟ್ಟಿನ ನೀರು ಎಂಟು ಗಂಟೆಗೆ ಯಾವ ಬಣ್ಣದಲ್ಲಿರುತ್ತೆ ಅಂತ ನಮಗೆಲ್ಲ ಗೊತ್ತು. ಪಕ್ಕದಲ್ಲೇ ಚರಂಡಿ. ಚಟ್ನಿ ಬಿಸಿಲಲ್ಲಿ. ಬಂಡಿಯಲ್ಲಿ ನಾನು ತಿನ್ನುವುದು ಕಣ್ಣೆದುರು ಎಣ್ಣೆಯಿಂದ ಎದ್ದದ್ದು ಮಾತ್ರ. ಚಟ್ನಿ ಬೇಡ ಅನ್ನುತ್ತೇನೆ. ಹಸಿ ಈರುಳ್ಳಿ ಬೇಕಾದರೆ ಆಗಲೇ ಹೆಚ್ಚಿಸಿಕೊಳ್ಳುತ್ತೇನೆ.

ಪಬ್ಬಿನಲ್ಲಿ ಇದೇ ಲೆಕ್ಕ ಮಸಾಲಾ ಶೇಂಗಾಕ್ಕೆ ಬರುತ್ತೆ. ಶೇಂಗಾದಲ್ಲಿ ಏನೂ ತೊಂದರೆಯಿಲ್ಲ. ಅದರ ಮೇಲಿನ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಯಾವಾಗ ಹೆಚ್ಚಿದ್ದು? ಟೊಮೆಟೊ ಅಂಚು ಮೆತ್ತಗಾಗಿ ನೀರು ಬಿಟ್ಟಿದ್ದರೆ ಮಧ್ಯಾಹ್ನದ್ದು. ಪಾನಿಪುರಿಯ ಪಾನಿ ಪುಟ್ಟ ಗ್ಲಾಸುಗಳಲ್ಲಿ ಬಂತು. ಯಾರೂ ಕೈ ಅದ್ದಿಲ್ಲ ಅನ್ನುವುದು ಒಳ್ಳೆಯದೇ. ಆದರೆ ತಣ್ಣಗಾಗಲು ಹಾಕಿದ ಐಸ್ ಯಾವ ನೀರಿನದು ಅಂತ ಕೇಳಬೇಕು. ತಿನ್ನಲು ಬಾರದ ಐಸ್‌ಗೆ ನೀಲಿ ಬಣ್ಣ ಬೆರೆಸಬೇಕು ಅಂತ ನಿಯಮವಿದೆ. ನೀಲಿ ಐಸನ್ನು ನಾನು ನೋಡಿದ್ದು ಕಡಿಮೆ.

ಅಳಿಯನದು ಇನ್ನೊಂದು ವಾದ. "ಬಿಯರ್ ಕುಡಿದ್ರ ಹೊಟ್ಟ್ಯಾಗಿನ ಕ್ರಿಮಿ ಎಲ್ಲಾ ಸಾಯ್ತಾವಲ್ಲ ಮಾವ?" ಇದನ್ನು ನಾನು ಅದೆಷ್ಟೋ ಕಡೆ ಕೇಳಿದ್ದೇನೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಕಮ್ಮಿಯೆಂದರೂ ನೂರಕ್ಕೆ 60 ಭಾಗ ಇರಬೇಕು. ಬಿಯರ್‌ನಲ್ಲಿ ಇರುವುದು ಐದರಿಂದ ಎಂಟು. ಅದನ್ನು ನಂಬಿ ಹಳಸಿದ್ದು ತಿನ್ನಬೇಡಿ.

ಖಾರಕ್ಕೂ ಬಿಯರ್ ಮದ್ದಲ್ಲ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತೆ. ನಾಲಿಗೆಯ ನರತುದಿಯಲ್ಲಿ 'ಸುಡುತ್ತಿದೆ' ಅಂತ ಕೂಗುವ ಒಂದು ವ್ಯವಸ್ಥೆ ಇದೆ. ಮಾಮೂಲಿಯಾಗಿ ಅದು ಕೂಗುವುದು ಸುಮಾರು 42 ಡಿಗ್ರಿ ಬಿಸಿಗೆ, ಇಲ್ಲವೇ ಮೆಣಸಿನಕಾಯಿಗೆ. ಆಲ್ಕೋಹಾಲ್ ಸೋಕಿದರೆ ಆ ಮಿತಿ ಸುಮಾರು 34ಕ್ಕೆ ಇಳಿಯುತ್ತೆ. ನಮ್ಮ ಮೈಯ ಬಿಸಿಯೇ 37 ಅಲ್ವಾ? ಹಾಗಾಗಿ ತಣ್ಣನೆಯ ಗುಟುಕು ಒಂದು ಕ್ಷಣ ಹಾಯೆನಿಸಿ, ಆಮೇಲೆ ಉರಿ ಏರುತ್ತೆ. ಮತ್ತೊಂದು ಗುಟುಕು, ಮತ್ತಷ್ಟು ಉರಿ. ಪಬ್ಬಿನವರಿಗೆ ಮಿರ್ಚಿ ಯಾಕಿಷ್ಟು ಇಷ್ಟ ಅಂತ ಈಗ ತಿಳಿಯಿತಲ್ಲ. ಮಜ್ಜಿಗೆಯಲ್ಲಿರುವ ಹಾಲಿನ ಪ್ರೋಟೀನು ಖಾರವನ್ನು ಹಿಡಿದು ಕೊಂಡೊಯ್ಯುತ್ತೆ. ಪಬ್ಬಿನಲ್ಲಿ ಮಜ್ಜಿಗೆ ಕೇಳಿದೆ. ಸಪ್ಲೈಯರ್ ಪಾಪ, ಮ್ಯಾನೇಜರನ್ನೇ ಕರೆದುಕೊಂಡು ಬಂದ.

ಬಂದದ್ದು ಒಳ್ಳೆಯದೇ ಆಯಿತು. ಎಣ್ಣೆ ಬಗ್ಗೆ ಕೇಳಿದೆ. ಪದೇ ಪದೇ ಕಾಯಿಸಿದ ಎಣ್ಣೆ ಒಡೆದು ಬೇರೆ ಬೇರೆ ವಸ್ತುಗಳಾಗುತ್ತೆ. ಅವನ್ನು ಒಟ್ಟಾಗಿ ಪೋಲಾರ್ ಸಂಯುಕ್ತ ಅನ್ನುತ್ತೇವೆ. ಅದು ನೂರಕ್ಕೆ 25 ಭಾಗ ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಈ ನಿಯಮ ಬಂದದ್ದು 2018ರ ಜುಲೈ 1ರಿಂದ. ಅಳೆಯುವ ಮೀಟರ್ ಸಿಗುತ್ತೆ, ಆದರೆ ನಿಮ್ಮ ಕಣ್ಣು ಮೂಗೂ ಸಾಕು. ಕೆಟ್ಟ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಕಟ್ಟುತ್ತೆ, ಬೇಗ ಹೊಗೆ ಬಿಡುತ್ತೆ. ತಿಂದ ಮೇಲೆ ಅಂಗುಳಿಗೆ ಮೇಣದ ಹಾಗೆ ಅಂಟುತ್ತೆ. ಎಷ್ಟೋ ಕಡೆ ಹಳೆಯದಕ್ಕೇ ಹೊಸದನ್ನು ಸುರಿದು ಬಣ್ಣ ತಿಳಿ ಮಾಡುತ್ತಾರೆ. ಹುಳಿ ಹಿಡಿದ ಹಿಟ್ಟಿಗೆ ಹೊಸ ಹಿಟ್ಟು ಸೇರಿಸಿದ ಹಾಗೆ ಅದು, ಹೊಸದೂ ಬೇಗ ಕೆಡುತ್ತೆ. ಬಾರಿನಲ್ಲಿ ಕರಿದ ತಿಂಡಿಗೆ ಬೇಡಿಕೆ ಏರುವುದು ರಾತ್ರಿ ಹತ್ತರ ಮೇಲೆ. ಬೆಳಿಗ್ಗೆಯಿಂದ ಕಾದ ಎಣ್ಣೆಗೆ ಆಗಲೇ ಜಾಸ್ತಿ ವಯಸ್ಸು. ಕರಿದದ್ದು ತಿನ್ನುವ ಆಸೆಯಿದ್ದರೆ ಏಳೂವರೆ ಎಂಟಕ್ಕೆ ಹೋಗಿ.

ಮ್ಯಾನೇಜರ್ ನಕ್ಕು, "ದಿನಾ ಬದಲಾಯಿಸ್ತೀವಿ ಸಾರ್" ಅಂದರು. ಕಡಾಯಿ ತೋರಿಸಿ ಅನ್ನಲಿಲ್ಲ. ಅಳಿಯನ ಮುಖ ನೋಡಿ ಸುಮ್ಮನಾದೆ.

ಗೋಬಿ ಬಣ್ಣದ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ. ಮೆಣಸಿನಪುಡಿಯ ಬಣ್ಣ ಎಣ್ಣೆಗೆ ಬಿಡುತ್ತೆ, ಟಿಶ್ಯೂ ಮೇಲೆ ಕಿತ್ತಳೆ ಜಿಡ್ಡಾಗಿ ಹರಡುತ್ತೆ. ಬೆರಳು ನೀರಿಗೆ ಅದ್ದಿದಾಗ ನೀರು ಗುಲಾಬಿಯಾದರೆ ತಟ್ಟೆ ಪಕ್ಕಕ್ಕಿಡಿ.

ಬಿಲ್ಲು ಬಂತು. ತಿಂಡಿಗೆ ಶೇ 5 ಜಿಎಸ್‌ಟಿ. ಬಿಯರ್ ಜಿಎಸ್‌ಟಿಗೆ ಬರುವುದಿಲ್ಲ, ಆದ್ದರಿಂದ ಎರಡನ್ನೂ ಕೂಡಿಸಿ ಒಟ್ಟಿಗೆ ಹಾಕಿದ್ದಾರಾ ನೋಡಿ. ಸರ್ವಿಸ್ ಚಾರ್ಜ್ ಕೊಡುವುದು ನಿಮ್ಮ ಇಷ್ಟ, ಬೇಡ ಅಂದರೆ ತೆಗೆಯಬೇಕು. ಬಿಲ್ಲಿನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ 2022ರಿಂದ ಕಡ್ಡಾಯ. ದೂರು ಕೊಡಲು ಬೇಕಾಗುವುದು ಅದೇ. ಇವರ ಬಿಲ್ಲಿನಲ್ಲಿ ಇತ್ತು.

ಜೀರಾ ರೈಸ್ ಅರ್ಧ ಉಳಿದಿತ್ತು. ಅಳಿಯ ಪಾರ್ಸೆಲ್ ಮಾಡಿಸಿದ. ನನಗೆ ಇಡೀ ರಾತ್ರಿ ಭಯವಾದದ್ದು ಇದೊಂದಕ್ಕೇ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಅನ್ನ ಕುದ್ದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು ಒಂದು ವಿಷ ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಪಾರ್ಸೆಲ್ ಡಬ್ಬಿ ಅಂದರೆ ಬಿಸಿಯನ್ನು ಹಿಡಿದಿಡುವ ಪೆಟ್ಟಿಗೆ. ಅನ್ನ ಆರುವುದೇ ಇಲ್ಲ.

ಮನೆ ಸೇರಿದಾಗ ಹನ್ನೊಂದು ಮುಕ್ಕಾಲು. ಅಕ್ಕ ಬಾಗಿಲು ತೆಗೆದಳು. ಡಬ್ಬಿ ಕೈಗಿತ್ತು, "ಅಗಲ ತಟ್ಟೆಗೆ ಹರವಿ ಫ್ರಿಜ್ಜಿನ್ಯಾಗ ಇಡಕ್ಕ" ಅಂದೆ.

"ಅನ್ನಾನ ಯಾರರ ಫ್ರಿಜ್ಜಿನ್ಯಾಗ ಇಡ್ತಾರೇನೋ? ನಮ್ದೂ ಅಷ್ಟು ಉಳದೈತಿ. ಎರಡೂ ಕೂಡಿಸಿ ಮುಂಜಾನೆ ಚಿತ್ರಾನ್ನ ಮಾಡ್ತೀನಿ, ಬಿಡು."

ಅಡುಗೆಮನೆ ಕಟ್ಟೆಯ ಮೇಲೆ ಎಂಟು ಗಂಟೆಯ ಅನ್ನದ ಕುಕ್ಕರ್ ಮುಚ್ಚಿದ ಹಾಗೇ ಇತ್ತು. ಜೇಬಿಗೆ ಕೈ ಹಾಕಿದೆ. "ಮಾವ, ಮನ್ಯಾಗೂ ಶುರು ಮಾಡಬ್ಯಾಡ" ಅಂದ ಅಳಿಯ.

ಚುಚ್ಚಿದೆ. 43.