ಕೆರಿಸ್ ಅಲಗಿನ ಚಿತ್ತಾರ: ಬಡಿದು ಬಂದದ್ದೋ, ಆಸಿಡ್ ತಿಂದದ್ದೋ?

ಪ್ರಶ್ನೆ: ಜಾವಾದ ಹಳೆಯ ಕೆರಿಸ್ ಎಂದು ಮಾರುವ ಕಠಾರಿಗಳ ಅಲಗಿನ ಮೇಲೆ ಬೆಳ್ಳಿಗೆರೆಗಳ ಚಿತ್ತಾರ ಇರುತ್ತದೆ. ಅದು ಅಸಲಿ ಪಾಮೋರೋ (ಲೋಹದ ಪದರ ಬಡಿದು ಬೆಸೆದು ಬಂದ ಚಿತ್ತಾರ), ಆಸಿಡ್‌ನಿಂದ ಬರೆಸಿದ್ದೋ ಎಂದು ತಿಳಿಯುವುದು ಹೇಗೆ? ಪಾಮೋರ್ ಅಸಲಿಯಾಗಿದ್ದರೆ ಕೆರಿಸ್ ಹಳೆಯದು ಎಂದು ನಂಬಬಹುದೇ?

ಎರಡನೆಯದಕ್ಕೆ ಮೊದಲು ಉತ್ತರ: ನಂಬಬೇಡಿ. ಮದುರಾ ದ್ವೀಪದ ಸುಮೆನೆಪ್ ಬಳಿಯ ಆಯೆಂಗ್ ತೊಂಗ್ ತೊಂಗ್ ಊರಿನಲ್ಲಿ ಕೆರಿಸ್ ಕುಲುಮೆಗಳು ಈಗಲೂ ಉರಿಯುತ್ತಿವೆ. ಅಲ್ಲಿ ಹೋದ ತಿಂಗಳು ಬಡಿದ ಅಲಗಿನ ಪಾಮೋರ್ ಕೂಡ ನೂರಕ್ಕೆ ನೂರು ಅಸಲಿಯೇ. ಚಿತ್ತಾರ ಕಮ್ಮಾರಿಕೆಗೆ ಸಾಕ್ಷಿ, ವಯಸ್ಸಿಗಲ್ಲ. ಇವೆರಡನ್ನೂ ಒಂದೇ ಎಂದುಕೊಂಡವರೇ ಹೆಚ್ಚು ದುಡ್ಡು ಕಳೆದುಕೊಳ್ಳುವುದು.

ಪಾಮೋರ್ ಆಗುವ ಬಗೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕೆರಿಸ್ ಮಾಡುವ ಎಂಪು, ಕಬ್ಬಿಣವನ್ನೂ ನಿಕ್ಕಲ್ ಇರುವ ಲೋಹವನ್ನೂ ಕಾಯಿಸಿ, ಬಡಿದು, ಮಡಿಸಿ, ಮತ್ತೆ ಬಡಿದು ಪದರ ಕಟ್ಟುತ್ತಾನೆ. ಅಂಥ ಎರಡು ಹಲ್ಲೆಗಳ (ಚಪ್ಪಟೆ ತುಂಡುಗಳ) ನಡುವೆ ‘ಸ್ಲೊರೊಕ್’ ಎಂಬ ಉಕ್ಕಿನ ತಿರುಳನ್ನಿಟ್ಟು ಬೆಸೆಯುತ್ತಾನೆ. ಅರ ಹಾಕಿ ಆಕಾರಕ್ಕೆ ತಂದ ಮೇಲೆ ಅಲಗಿಗೆ ಪಾಷಾಣ (ಆರ್ಸೆನಿಕ್) ಮತ್ತು ನಿಂಬೆರಸದ ‘ವಾರಂಗಾನ್’ ಲೇಪ. ಕಬ್ಬಿಣ ಕಪ್ಪಾಗುತ್ತದೆ, ನಿಕ್ಕಲ್ ಬಣ್ಣ ಹಿಡಿಯದೆ ಬೆಳ್ಳಗೆ ಉಳಿಯುತ್ತದೆ. ನಮ್ಮ ದಕ್ಷಿಣದ ವುಟ್ಜ್ (ಈ ಹೆಸರು ‘ಉಕ್ಕು’ ಪದದಿಂದಲೇ ಬಂತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ) ಇದಕ್ಕಿಂತ ಬೇರೆ. ಅದರ ನೀರುಗೆರೆ ಮೂಸೆಯಲ್ಲಿ ಕರಗಿದ ಉಕ್ಕಿನೊಳಗೇ ಹುಟ್ಟಿದ್ದು. ಅಲ್ಲಿ ಮಡಿಸಿ ಬೆಸೆದ ಪದರಗಳಿಲ್ಲ.

ಪರೀಕ್ಷೆಗೆ ಬೇಕಾದದ್ದು ಚಿನಿವಾರರ 10 ಪಟ್ಟಿನ ಭೂತಗನ್ನಡಿ, ಓರೆಯಾಗಿ ಬೆಳಕು ಬಿಡಲು ಒಂದು ಟಾರ್ಚ್, ಅಷ್ಟೇ. ಅಯಸ್ಕಾಂತ ತರಬೇಡಿ. ನಿಕ್ಕಲ್ ಕೂಡ ಅದಕ್ಕೆ ಅಂಟುತ್ತದೆ, ಏನೂ ತಿಳಿಯುವುದಿಲ್ಲ.

ಮೊದಲು ನೋಡಬೇಕಾದದ್ದು ಅಲಗಿನ ಬುಡ. ಅಲ್ಲಿ ಹೆಬ್ಬೆರಳು ಒತ್ತಿದಂಥ ಒಂದು ತಗ್ಗು ಇರುತ್ತದೆ, ಅದಕ್ಕೆ ‘ಪೆಜೆತಾನ್’ ಎನ್ನುತ್ತಾರೆ. ಕೆಲವು ಕೆರಿಸ್‌ಗಳಲ್ಲಿ ಅದರ ಮೇಲೆ ‘ಸೊಗೊಕಾನ್’ ಎಂಬ ಉದ್ದ ಕಾಲುವೆಯೂ ಉಂಟು. ಪದರಗಳು ಅಲಗಿನ ಮೈಗೆ ಹಾಸಿದಂತೆ ಮಲಗಿದ್ದರೆ (ಇದು ಪಾಮೋರ್ ಮ್ಲುಮಾ) ಅರ ಆ ತಗ್ಗಿನೊಳಗೆ ಇಳಿದಂತೆ ಒಂದೊಂದೇ ಪದರ ಕೊಯ್ದುಕೊಂಡು ಹೋಗಿರುತ್ತದೆ. ಹಾಗಾಗಿ ತಗ್ಗಿನ ಸುತ್ತ ಗೆರೆಗಳು ಉಂಗುರ ಉಂಗುರವಾಗಿ ಒತ್ತೊತ್ತಾಗಿ ಕಾಣುತ್ತವೆ, ಮರದ ಹಲಗೆಯಲ್ಲಿ ಬಟ್ಟಲು ಕೊರೆದಾಗ ನಾರು ಸುತ್ತಿಕೊಂಡ ಹಾಗೆ. ಆಸಿಡ್ ಚಿತ್ತಾರಕ್ಕೆ ತಗ್ಗು ಉಬ್ಬು ಒಂದೂ ಗೊತ್ತಿಲ್ಲ. ಸೀರೆಯ ಅಚ್ಚಿನಂತೆ ತಗ್ಗಿನ ಮೇಲೂ ನೇರ ಹಾದುಹೋಗಿರುತ್ತದೆ. ಪದರಗಳು ಅಂಚಿನ ಮೇಲೆ ನಿಂತ ‘ಮಿರಿಂಗ್’ ಪಾಮೋರ್‌ನಲ್ಲಿ ಈ ಉಂಗುರಗಳು ಸ್ಪಷ್ಟವಾಗಿ ಬರುವುದಿಲ್ಲ, ಅದಕ್ಕೆ ಮುಂದಿನ ಪರೀಕ್ಷೆ.

ಅಲಗಿನ ಬಾಯಿ ನೋಡಿ. ಹರಿತಕ್ಕಾಗಿ ಹಲ್ಲೆಗಳನ್ನು ಅರದಿಂದ ತೆಗೆದಿರುವುದರಿಂದ ಅಂಚಿನುದ್ದಕ್ಕೂ ತಿರುಳಿನ ಉಕ್ಕು ಚಿತ್ತಾರವಿಲ್ಲದ ಕಪ್ಪು ಪಟ್ಟಿಯಾಗಿ ಹೊರಬಂದಿರಬೇಕು. ಹಾಗೆಯೇ ಭೂತಗನ್ನಡಿಯಲ್ಲಿ ಬಿಳಿ ಗೆರೆಯನ್ನೂ ಕಪ್ಪು ಜಾಗವನ್ನೂ ಹೋಲಿಸಿ. ಅಸಲಿಯಲ್ಲಿ ಅವು ಎರಡು ಬೇರೆ ಲೋಹ. ನಕಲಿಯಲ್ಲಿ ಎರಡೂ ಒಂದೇ ಉಕ್ಕು. ಮೇಣವೋ ವಾರ್ನಿಷೋ ಬಳಿದ ಜಾಗ ಉಬ್ಬಿ ಉಳಿದಿರುತ್ತದೆ, ಬಳಿಯದ್ದನ್ನು ಆಸಿಡ್ ತಿಂದಿರುತ್ತದೆ. ಬೆರಳಿಗೆ ಗೆರೆ ಎದ್ದಂತೆ ತಾಗುವುದನ್ನು ಮಾತ್ರ ಸಾಕ್ಷಿ ಎನ್ನಬೇಡಿ, ಆ ಉಬ್ಬು ಎರಡರಲ್ಲೂ ಇರುತ್ತದೆ.

ಹೆಚ್ಚು ಮೋಸ ನಡೆಯುವುದು ‘ಉದಾನ್ ಮಾಸ್’, ಅಂದರೆ ಚಿನ್ನದ ಮಳೆ ಎಂಬ ಪಾಮೋರ್‌ನಲ್ಲಿ. ವ್ಯಾಪಾರಿಗಳಿಗೆ ಅದೃಷ್ಟ ತರುತ್ತದೆ ಎಂಬ ನಂಬಿಕೆ ಇರುವುದರಿಂದ ಬೇಡಿಕೆ ಜಾಸ್ತಿ. ಅಸಲಿಯಲ್ಲಿ ಪ್ರತಿ ಚುಕ್ಕಿಯೂ ಒಂದರೊಳಗೊಂದು ಉಂಗುರಗಳ ಗುಂಪು, ಯಾವ ಎರಡೂ ಅಚ್ಚೊತ್ತಿದಂತೆ ಒಂದೇ ಇರುವುದಿಲ್ಲ. ಎಲ್ಲ ಚುಕ್ಕಿಗಳೂ ಒಂದೇ ಅಳತೆಯ ಒಂಟಿ ಗುಂಡಿಗಳಾಗಿದ್ದರೆ ಅನುಮಾನಿಸಿ.

ಇನ್ನು ವಯಸ್ಸು. ಹೊಸದನ್ನು ಆಸಿಡ್‌ನಲ್ಲಿ ಅದ್ದಿ ಮುದಿಯಾಗಿಸುವುದು ಹಳೆಯ ಉಪಾಯ. ಆಸಿಡ್ ಎಲ್ಲ ಕಡೆ ಒಂದೇ ಸಮ ತಿನ್ನುತ್ತದೆ. ನಿಜವಾದ ಸವೆತಕ್ಕೆ ಕಾರಣ ಬೇಕು: ನೀರು ನಿಂತಲ್ಲಿ ತುಕ್ಕು ಆಳ, ಒರೆ ಉಜ್ಜಿದಲ್ಲಿ ನುಣುಪು, ವರ್ಷ ವರ್ಷ ತೊಳೆದು ತೊಳೆದು ಅಂಚು ತೆಳು. ಆನೆಯ ಸೊಂಡಿಲಿನಂತೆ ಸುರುಳಿಯಾದ ‘ಸೆಕಾರ್ ಕಾಚಾಂಗ್’, ಅದರ ಕೆಳಗಿನ ‘ಲಾಂಬೆ ಗಜಾ’ (ನಮ್ಮ ಗಜವೇ, ಆನೆಯ ತುಟಿ), ಹಿಂಬದಿಯ ಹಲ್ಲುಗಳಾದ ‘ಗ್ರೆನೆಂಗ್’, ಇವು ತೆಳುವಾದ ಭಾಗಗಳು, ಮೊದಲು ಸವೆಯುವುದು ಇವೇ. ಮೈಯೆಲ್ಲ ಸಿಡುಬಿನ ಕಲೆ, ಸೊಂಡಿಲ ತುದಿ ಮಾತ್ರ ನಿನ್ನೆ ಅರ ಹಾಕಿದಂತೆ ಚೂಪು ಎಂದರೆ ಅದು ಮುಪ್ಪಲ್ಲ, ವೇಷ. ಆದರೆ ಅರಮನೆಯಲ್ಲಿ ಜತನವಾಗಿದ್ದ ಕೆರಿಸ್ ಇಡೀ ಮೈ ಚೊಕ್ಕಟವಾಗಿದ್ದೂ ಹಳೆಯದಿರಬಹುದು.

ಒರೆ ನೋಡಿ ಅಲಗಿನ ಕಾಲ ಹೇಳಬೇಡಿ. ಹಿಡಿ, ಒರೆ ಹಾಳಾದಂತೆ ಬದಲಾಗುತ್ತಲೇ ಬಂದಿವೆ. ‘ತಾಂಗ್ಗು’, ಅಂದರೆ ಮಜಾಪಹಿತ್, ಮಾತರಾಮ್, ಸುರಕರ್ತಾ ಎಂದು ಕಾಲ-ಸೀಮೆ ಗುರುತಿಸುವುದು, ಆಕಾರ, ಕಬ್ಬಿಣದ ಬಣ್ಣ, ಪಾಮೋರ್ ಎಲ್ಲ ಕೂಡಿಸಿ ಹೇಳುವ ಅಭಿಪ್ರಾಯ, ಪ್ರಮಾಣಪತ್ರವಲ್ಲ. ನಾಲ್ಕು ಜನ ಬಲ್ಲವರು ಕೂತರೆ ಎರಡು ಉತ್ತರ ಬರುವುದು ಸಹಜ. ಅಂಥ ಬಲ್ಲವರ ಕೂಟಕ್ಕೆ ಹೋಗುವಾಗ ಮಾರಿದವನು ಹೇಳಿದ ಕಾಲವನ್ನು ಬಾಯಿಬಿಡದೆ ಅಲಗನ್ನಷ್ಟೇ ಮುಂದಿಡಿ.

‘ಈ ಪಾಮೋರ್ ಉಲ್ಕೆಯ ಲೋಹದ್ದು’ ಎಂಬ ಮಾತಿಗೆ ಹೆಚ್ಚು ಬೆಲೆ ತೆರಬೇಡಿ. ಜಾವಾದ ಪ್ರಂಬನನ್ ಬಳಿ ಉಲ್ಕೆ ಸಿಕ್ಕಿದ್ದೂ ನಿಜ, ಅದರ ದೊಡ್ಡ ತುಂಡನ್ನು 1797ರಲ್ಲಿ ಸುರಕರ್ತಾ ಅರಮನೆಗೆ ತಂದದ್ದೂ ನಿಜ. ಆದರೆ ಸುಲವೇಸಿಯ ಲೂವು ಸೀಮೆಯ ನಿಕ್ಕಲ್ ಕಬ್ಬಿಣ, ಆಮೇಲೆ ಯೂರೋಪಿನ ನಿಕ್ಕಲ್ ಕೂಡ ಪಾಮೋರ್ ಆಗಿವೆ. ಇವನ್ನು ಬೇರೆ ಮಾಡಲು ಕಣ್ಣು ಸಾಲದು, ಪ್ರಯೋಗಾಲಯ ಬೇಕು.

ತುಕ್ಕು ಮುಚ್ಚಿ ಏನೂ ಕಾಣದಿದ್ದರೆ ಉಕ್ಕಿನ ಬ್ರಷ್, ಮರಳುಕಾಗದ ಮುಟ್ಟಬೇಡಿ. ಜಾವಾದವರು ಅಲಗನ್ನು ಎಳನೀರಲ್ಲಿ ನೆನೆಸಿ, ‘ಲೆರಾಕ್’ ನೊರೆ ಹಚ್ಚಿ ನಿಂಬೆಯಿಂದ ಉಜ್ಜುತ್ತಾರೆ. ಲೆರಾಕ್ ನಮ್ಮ ಅಂಟುವಾಳದ ಜಾತಿಯದೇ. ಅಷ್ಟರವರೆಗೆ ಮನೆಯಲ್ಲಿ ಮಾಡಬಹುದು. ವಾರಂಗಾನ್ ಮಾತ್ರ ಬೇಡ, ಅದು ವಿಷ. ಹಳೆಯ ಅಲಗಿನ ಮೇಲೂ ಪಾಷಾಣ ಉಳಿದಿರುತ್ತದೆ: ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಕೊನೆಗೆ ಎಣ್ಣೆ ಹಚ್ಚುವಾಗ ಬಟ್ಟೆಯ ತುಂಡಿನಿಂದ ತೆಳ್ಳಗೆ ಒರೆಸಿದರೆ ಸಾಕು. ಹೆಚ್ಚಾದ ಎಣ್ಣೆ ಒರೆಯೊಳಗಿನ ಮರಕ್ಕೆ ಇಳಿದು, ಧೂಳು ಹಿಡಿದು, ಮುಂದಿನ ಸಲ ಅಲಗು ಎಳೆಯುವಾಗ ಅಂಟಿಕೊಳ್ಳುತ್ತದೆ.