ಜಂಭದ ಓಟಗಾರನ ಮೊದಲ ಸುತ್ತು

ತುಂಬಿದ ಕೊಡ ತುಳುಕುವುದಿಲ್ಲ ಎಂದು ನಂಬಿದ ಊರು ಮೈಸೂರು. ಗೆದ್ದವನು ‘ಎಲ್ಲ ತಾಯಿ ಚಾಮುಂಡಿ ದಯೆ’ ಎಂದರೆ ನಮಗೆ ಹಿತ. ‘ಗೆಲ್ಲೋದು ನಾನೇ ಅಂತ ಗೊತ್ತಿತ್ತು’ ಎಂದರೆ, ಓಟ ಎಷ್ಟೇ ಚೆನ್ನಾಗಿದ್ದರೂ ಧಿಮಾಕಿನವನು ಅನ್ನಿಸಿಬಿಡುತ್ತಾನೆ. ನಾರ್ವೆಯ ಓಟಗಾರ ಯಾಕೋಬ್ ಇಂಗೆಬ್ರಿಗ್ಟ್‌ಸನ್ ಈ ಎರಡನೇ ಜಾತಿಯವನು. ಬ್ರಿಟನ್ನಿನ ಜಾಶ್ ಕರ್ 2023ರ ವಿಶ್ವ ಚಾಂಪಿಯನ್‌ಷಿಪ್ 1500 ಮೀಟರ್‌ನಲ್ಲಿ ಇವನನ್ನು ಸೋಲಿಸಿದ್ದ. ಮರುವರ್ಷ ಕರ್ ಒಳಾಂಗಣದ ಎರಡು ಮೈಲಿಯನ್ನು ದಾಖಲೆ ವೇಗದಲ್ಲಿ ಓಡಿದಾಗ, ಇವನು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿದ್ದರೂ ಅವನನ್ನು ಸೋಲಿಸುತ್ತಿದ್ದೆ ಎಂದುಬಿಟ್ಟ.

ಈ ಮಾತನ್ನು ಮೆಚ್ಚಬೇಕಾಗಿಲ್ಲ. ಆದರೆ ಅವನ ಓಟವನ್ನು ಇಂಥ ಮಾತಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

2024ರ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ ನಡೆದ ಒಲಿಂಪಿಕ್ 1500 ಮೀಟರ್ ಫೈನಲ್ ನೋಡಿ. ಇಂಗೆಬ್ರಿಗ್ಟ್‌ಸನ್ ಮೊದಲಿನಿಂದಲೇ ಮುಂದೆ. ಮೊದಲ 400 ಮೀಟರ್ 55 ಸೆಕೆಂಡಿಗಿಂತ ಕಡಿಮೆಯಲ್ಲಿ ಮುಗಿಯಿತು. ಕೊನೆಯ ನೇರದಲ್ಲಿ ಅಮೆರಿಕದ ಕೋಲ್ ಹಾಕರ್ ಒಳಬದಿಯಿಂದ ನುಗ್ಗಿ 3 ನಿಮಿಷ 27.65 ಸೆಕೆಂಡಿಗೆ ಗೆದ್ದ. ಕರ್ ಎರಡನೆಯವನು, ಯಾರೆಡ್ ನುಗೂಸೆ ಮೂರನೆಯವನು. ಇಂಗೆಬ್ರಿಗ್ಟ್‌ಸನ್ 3:28.24ರಲ್ಲಿ ನಾಲ್ಕನೆಯವನು. ಟೋಕಿಯೊದಲ್ಲಿ ತಾನೇ ಮಾಡಿದ್ದ ಒಲಿಂಪಿಕ್ ದಾಖಲೆ 3:28.32. ಅದಕ್ಕಿಂತ ವೇಗವಾಗಿ ಓಡಿಯೂ ಪದಕವಿಲ್ಲ!

ಮುಂದೆ ಓಡುವುದಕ್ಕೆ ಬೆಲೆ ಇದೆ. 1953ರ ಎವರೆಸ್ಟ್ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ 1971ರಲ್ಲಿ ಅದನ್ನು ಅಳೆದು ತೋರಿಸಿದರು. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುವವನ ಶಕ್ತಿಯಲ್ಲಿ ಸುಮಾರು 7.5% ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಇನ್ನೊಬ್ಬನ ಬೆನ್ನಿಗೆ ಒಂದು ಮೀಟರ್ ಹಿಂದೆ ಓಡಿದರೆ ಆಮ್ಲಜನಕದ ಬಳಕೆಯಲ್ಲಿ ಸುಮಾರು 6.5% ಉಳಿತಾಯ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸೈಕಲ್ ತುಳಿದ ಮಂಡ್ಯದ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪ್ಯಾರಿಸ್‌ನ ವೇಗ ಸೆಕೆಂಡಿಗೆ 7.2 ಮೀಟರ್. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುವುದರಿಂದ ಅಲ್ಲಿ ತೆರಿಗೆ ಇನ್ನೂ ಜಾಸ್ತಿ. ಹಾಕರ್ ಅಂದು ತನ್ನ ಹಿಂದಿನ ಅತ್ಯುತ್ತಮ ವೇಳೆಯನ್ನು ಸುಮಾರು ಮೂರು ಸೆಕೆಂಡು ತಗ್ಗಿಸಿದ. ಅದರಲ್ಲಿ ಸ್ವಲ್ಪ ಪಾಲು ಮುಂದಿದ್ದವನ ಬೆನ್ನಿನದು.

ಅತಿಯಾದ ಆತ್ಮವಿಶ್ವಾಸದಿಂದ ದೇಹಕ್ಕೆ ಲಾಭವೂ ಇದೆ. ಸುಸ್ತು ಸ್ನಾಯುಗಳಲ್ಲಷ್ಟೇ ಹುಟ್ಟುವುದಿಲ್ಲ, ‘ಇನ್ನು ಆಗೋಲ್ಲ’ ಎಂಬ ತೀರ್ಪು ಮೆದುಳಿನದು. ಬ್ರಿಟನ್ನಿನಲ್ಲಿ 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೈಕಲ್ ಪಟುಗಳು ಪರದೆಯ ಮೇಲಿನ ಬೊಂಬೆಯ ಜೊತೆ 4 ಕಿಲೋಮೀಟರ್ ಸ್ಪರ್ಧಿಸಿದರು. ಅದು ಅವರವರದೇ ಹಿಂದಿನ ಉತ್ತಮ ಸಾಧನೆ ಎಂದು ಹೇಳಲಾಗಿತ್ತು, ಆದರೆ ಬೊಂಬೆಯ ಬಲವನ್ನು ಗುಟ್ಟಾಗಿ 2% ಏರಿಸಿದ್ದರು. ಪಟುಗಳು ತಮ್ಮ ಹಳೆಯ ವೇಳೆಯನ್ನು ಮುರಿದರು. ಅಂದರೆ ಶಕ್ತಿ ಅಲ್ಲೇ ಇತ್ತು, ನಂಬಿಕೆ ಮಾತ್ರ ಕಾವಲು ಕೂತಿತ್ತು. ಚಾಂಪಿಯನ್ನನ ಜಂಭ ಈ ಕಾವಲುಗಾರನನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತದೆ. ಎರಡು ಪರ್ಸೆಂಟಿನಷ್ಟು ಸರಿಸಬಹುದು. ಇಪ್ಪತ್ತು ಅಲ್ಲ.

ಆ ಮಿತಿ ಎಲ್ಲಿದೆ ಎಂದು ಚಾಮುಂಡಿ ವಿಹಾರ ಕ್ರೀಡಾಂಗಣದ ಟ್ರ್ಯಾಕಿನಲ್ಲೇ ಕಂಡುಕೊಳ್ಳಬಹುದು. ಬೇಕಾದ್ದು ಒಂದು ಸ್ಟಾಪ್‌ವಾಚ್, ಎರಡು ಬೆಳಗು. ಮೊದಲ ದಿನ 1200 ಮೀಟರ್, ಅಂದರೆ ಒಳಗಿನ ಲೇನಿನಲ್ಲಿ ಮೂರು ಸುತ್ತು, ಕೈಲಾದಷ್ಟು ವೇಗವಾಗಿ. ಎರಡು ದಿನ ಬಿಟ್ಟು 3600 ಮೀಟರ್, ಒಂಬತ್ತು ಸುತ್ತು. ಒಬ್ಬನಿಗೆ ಮೊದಲನೆಯದಕ್ಕೆ 4 ನಿಮಿಷ (240 ಸೆಕೆಂಡು), ಎರಡನೆಯದಕ್ಕೆ 13 ನಿಮಿಷ 20 ಸೆಕೆಂಡು (800) ಹಿಡಿಯಿತು ಎನ್ನೋಣ. ದೂರದ ವ್ಯತ್ಯಾಸ 2400 ಮೀಟರನ್ನು ವೇಳೆಯ ವ್ಯತ್ಯಾಸ 560 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 4.29 ಮೀಟರ್. ಸುತ್ತಿಗೆ ಸುಮಾರು 93 ಸೆಕೆಂಡು. ಇದು ಅವನ ನಿರ್ಣಾಯಕ ವೇಗ. ಮೋಟಾರು ಏರಿಸುವಷ್ಟೇ ನೀರನ್ನು ನಲ್ಲಿ ಖರ್ಚು ಮಾಡುವ ಹದ ಅದು. ಅದಕ್ಕಿಂತ ಜೋರಾಗಿ ಓಡಿದರೆ ಮೇಲಿನ ಟ್ಯಾಂಕ್ ಬರಿದಾಗುತ್ತಾ ಹೋಗುತ್ತದೆ. ಟ್ಯಾಂಕ್ ಎಷ್ಟು ದೊಡ್ಡದು? 240 ಸೆಕೆಂಡಿನಲ್ಲಿ ನಿರ್ಣಾಯಕ ವೇಗದಲ್ಲಿ ಓಡಿದ್ದರೆ 1029 ಮೀಟರ್ ಆಗುತ್ತಿತ್ತು, ಅವನು ಓಡಿದ್ದು 1200. ಉಳಿದ 171 ಮೀಟರೇ ಅವನ ಟ್ಯಾಂಕು.

ಈ ಮನುಷ್ಯ 5000 ಮೀಟರ್‌ಗೆ ನಿಂತರೆ, ಸಮಗತಿಯಲ್ಲಿ ಸುತ್ತಿಗೆ 90 ಸೆಕೆಂಡಿನಂತೆ ಹೆಚ್ಚುಕಡಿಮೆ 18 ನಿಮಿಷ 47 ಸೆಕೆಂಡಿಗೆ ಮುಗಿಸಬಲ್ಲ. ಮೊದಲ ಸುತ್ತಿಗೆ ಟ್ಯಾಂಕಿನಿಂದ 14 ಮೀಟರ್ ಹೋದರೆ ಸಾಕು. ಚಪ್ಪಾಳೆ ಕೇಳಿ ಹುರುಪೇರಿ 80 ಸೆಕೆಂಡಿಗೆ ಓಡಿದನೋ, 57 ಮೀಟರ್ ಖಾಲಿ. ಮೂರರಲ್ಲೊಂದು ಪಾಲು ಮೊದಲ ಸುತ್ತಿನಲ್ಲೇ ಸೋರಿಹೋಯಿತು, ಬಾಕಿ ಹನ್ನೊಂದೂವರೆ ಸುತ್ತು. ತಮಾಷೆಯೆಂದರೆ ಆ ಸುತ್ತು ಓಡುವಾಗ ಹಾಯೆನಿಸುತ್ತದೆ. ಉಸಿರು ಏರುವುದು ನಿಧಾನ, ಸ್ನಾಯು ಕೂಡಿಟ್ಟುಕೊಂಡ ತಕ್ಷಣದ ಇಂಧನ ಫಾಸ್ಫೋಕ್ರಿಯಾಟಿನ್ ಖರ್ಚಾಗುವುದು ಬೇಗ. ನೋವು ತಡವಾಗಿ ಬರುವುದರಿಂದ ಜಂಭಕ್ಕೆ ಅದು ಕಾಣುವುದಿಲ್ಲ. ಪರೀಕ್ಷೆಯಲ್ಲೂ ಇದೇ ತಪ್ಪು ನಡೆಯುತ್ತದೆ: 3600 ಮೀಟರ್‌ನ ಮೊದಲೆರಡು ಸುತ್ತು ಹಾರಿದರೆ ಒಟ್ಟು ವೇಳೆ ಕೆಡುತ್ತದೆ, ಟ್ಯಾಂಕು ಸುಳ್ಳು ದೊಡ್ಡದಾಗಿ ಕಾಣುತ್ತದೆ. ಕೈಗಡಿಯಾರದ ಜಿಪಿಎಸ್ ಕೂಡ ತಿರುವುಗಳಲ್ಲಿ ತಪ್ಪುತ್ತದೆ. ಸುತ್ತು ಎಣಿಸುವುದೇ ಲೇಸು. ಏಪ್ರಿಲ್ ಬಿಸಿಲಿನಲ್ಲಂತೂ ಈ ಲೆಕ್ಕ ಬೇಡ.

ಇಂಗೆಬ್ರಿಗ್ಟ್‌ಸನ್ ವಿಷಯದಲ್ಲಿ ವಿಚಿತ್ರವೆಂದರೆ, ಅಭ್ಯಾಸದಲ್ಲಿ ಅವನಷ್ಟು ಅಳುಕಿನವನು ಸಿಗುವುದು ಕಷ್ಟ. ಅವನು ಬೆಳೆದ ಪದ್ಧತಿಯಲ್ಲಿ ಒಂದೇ ದಿನ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಟ್ಟುಬಿಟ್ಟು ಓಡುವ ಕಸರತ್ತು ಇರುತ್ತದೆ. ನಡುವೆ ನಿಂತು, ಒಂದು ತೊಟ್ಟು ರಕ್ತ ತೆಗೆದು ಲ್ಯಾಕ್ಟೇಟ್ (ದೇಹ ಹೆಚ್ಚು ದುಡಿದಂತೆ ರಕ್ತದಲ್ಲಿ ಏರುವ ವಸ್ತು) ನೋಡುತ್ತಾರೆ. ಲೀಟರಿಗೆ 4 ಮಿಲಿಮೋಲ್ ಮೀರುವಂತಿಲ್ಲ, ಮೀರಿದರೆ ವೇಗ ತಗ್ಗಿಸಬೇಕು. ಸ್ಪರ್ಧೆಯಲ್ಲಿ ಇದು ಹತ್ತನ್ನೂ ದಾಟುತ್ತದೆ. ಬಾಯಲ್ಲಿ ಅಷ್ಟು ಧೈರ್ಯ ಇರುವವನು ವಾರವಾರವೂ ತನ್ನ ಹುಮ್ಮಸ್ಸನ್ನು ನಂಬದೆ ಒಂದು ಹನಿ ರಕ್ತದ ಮಾತು ಕೇಳುತ್ತಾನೆ. ಮೆಚ್ಚಬೇಕಾದ್ದು ಇದನ್ನು. ನಮ್ಮ ಮೈಸೂರಿನ ಓವಲ್ ಮೈದಾನದಲ್ಲಿ ಕಾಣುವುದು ಹೆಚ್ಚಾಗಿ ಇದರ ತಿರುಗುಮುರುಗು: ಮಾತು ಬಲು ವಿನಯ, ಆದರೆ ‘ಇವತ್ತು ನಿಧಾನಕ್ಕೆ ಓಡಣ’ ಎಂದವರೇ ಎರಡನೇ ಸುತ್ತಿಗೆ ಪಕ್ಕದವನನ್ನು ಹಿಂದಿಕ್ಕಲು ಹೊರಡುತ್ತಾರೆ.

ಪ್ಯಾರಿಸ್‌ನ ಆ ಮೊದಲ ಸುತ್ತು ಅತಿಯಾಯಿತು ಎಂದು ಅವನೇ ಆಮೇಲೆ ಒಪ್ಪಿಕೊಂಡ. ನಾಲ್ಕು ದಿನದ ಮೇಲೆ 5000 ಮೀಟರ್ ಫೈನಲ್‌ನಲ್ಲಿ ಬಹುಪಾಲು ದೂರ ಗುಂಪಿನೊಳಗೇ, ಬೇರೆಯವರ ಬೆನ್ನ ಹಿಂದೆ ಓಡಿ, ಕೊನೆಯ ಸುತ್ತಿನಲ್ಲಿ ಮುನ್ನುಗ್ಗಿ 13:13.66ಕ್ಕೆ ಚಿನ್ನ ಗೆದ್ದ. ಆಗಸ್ಟ್ 25ರಂದು ಪೋಲೆಂಡಿನಲ್ಲಿ 3000 ಮೀಟರನ್ನು 7:17.55ಕ್ಕೆ ಓಡಿ, ಕೀನ್ಯಾದ ಡೇನಿಯಲ್ ಕೋಮೆನ್ 1996ರಲ್ಲಿ ಮಾಡಿದ್ದ ವಿಶ್ವದಾಖಲೆಯನ್ನು ಮೂರು ಸೆಕೆಂಡಿಗೂ ಹೆಚ್ಚು ತಗ್ಗಿಸಿದ. ಕಣ್ಣಿಗೆ ಬಟ್ಟೆಯನ್ನೇನೂ ಕಟ್ಟಿಕೊಂಡಿರಲಿಲ್ಲ.