ಗಲ್ಫ್ ಮೆಡಿಕಲ್‌ನಲ್ಲಿ ಸಿಕ್ಕಿಬಿದ್ದ ವೈರಸ್

ಬದಿಯಡ್ಕ ಕಡೆಯ ಹುಡುಗ, 26 ವರ್ಷ. ಗಲ್ಫ್‌ಗೆ ಹೊರಟಿದ್ದ. ವೀಸಾದ ಮೆಡಿಕಲ್‌ನಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂತು, ಕೆಲಸ ಕೈತಪ್ಪಿತು. ಅಮ್ಮನನ್ನು ಕರೆದುಕೊಂಡು ನನ್ನ ಹತ್ತಿರ ಬಂದ.

"ಡಾಕ್ಟ್ರೇ, ನನಗೆ ಎಂತದೂ ಇಲ್ಲ. ಊಟ ಸೇರ್ತದೆ, ತೋಟದ ಕೆಲಸ ಮಾಡ್ತೇನೆ. ಒಂದು ಸಲವೂ ಕಾಮಾಲೆ ಬಂದದ್ದಿಲ್ಲ."

ಅವನು ಹೇಳಿದ್ದು ನಿಜ. ಲಿವರ್ ಟೆಸ್ಟ್ ಕೂಡ ನಾರ್ಮಲ್ ಇತ್ತು. ಆದರೆ ವೈರಸ್ ಇದ್ದದ್ದೂ ನಿಜ.

ಲಿವರ್ ಮತ್ತು ರೋಗನಿರೋಧಕ ಶಕ್ತಿಯ ಸಂಬಂಧವೇ ನನ್ನ ಸಂಶೋಧನೆಯ ವಿಷಯ. ಅಲ್ಲಿ ಕಲಿತ ಒಂದು ಮಾತನ್ನು ಇಂಥವರಿಗೆಲ್ಲ ಮೊದಲು ಹೇಳುತ್ತೇನೆ. ಈ ವೈರಸ್ ಲಿವರ್‌ನ ಜೀವಕಣದೊಳಗೆ ಕೂತು ಬೆಳೆಯುತ್ತದೆ, ಆದರೆ ಸಾಮಾನ್ಯವಾಗಿ ಆ ಕಣವನ್ನು ತಾನೇ ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮದೇ ಟಿ ಕಣಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಕಳ್ಳ ಹೊಕ್ಕ ಮನೆಗೆ ಕಳ್ಳನ ಸಮೇತ ಬೆಂಕಿ ಇಟ್ಟ ಹಾಗೆ. ಕಣ್ಣು ಹಳದಿಯಾಗುವುದು ಆ ಬೆಂಕಿಯಿಂದ. ದೊಡ್ಡವರಿಗೆ ಸೋಂಕು ತಗುಲಿದರೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಹೀಗೆ ಹೋರಾಡಿ ವೈರಸ್ಸನ್ನು ಅಡಗಿಸುತ್ತಾರೆ. ಹುಟ್ಟುವಾಗ ಅಮ್ಮನಿಂದ ಬಂದರೆ ಲೆಕ್ಕ ತಲೆಕೆಳಗು. ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ.

ಎಳೆಮಗುವಿನ ಟಿ ಕಣಗಳಿಗೆ ಇನ್ನೂ ಪಳಗಿದ ಕೈಯಿಲ್ಲ. ಜೊತೆಗೆ ಲಿವರ್‌ನ ಸ್ವಭಾವವೇ ತಾಳ್ಮೆ. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯದು. ಊಟದ ಅಂಶ, ಬ್ಯಾಕ್ಟೀರಿಯಾದ ಚೂರು ದಿನವಿಡೀ ಬರುತ್ತಲೇ ಇರುತ್ತವೆ. ಎಲ್ಲದರ ಮೇಲೂ ಜಗಳಕ್ಕೆ ನಿಂತರೆ ಆಗುತ್ತದಾ? 1969ರಲ್ಲಿ ಕೇಂಬ್ರಿಡ್ಜ್‌ನ ಸರ್ಜನ್ ರಾಯ್ ಕಾನ್ ಅವರ ತಂಡ ಒಂದು ಹಂದಿಯ ಲಿವರ್ ಅನ್ನು ಇನ್ನೊಂದಕ್ಕೆ ಜೋಡಿಸಿ ನೋಡಿತ್ತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಇಲ್ಲದೆಯೂ ಎಷ್ಟೋ ಹಂದಿಗಳಲ್ಲಿ ಅದು ತುಂಬಾ ದಿನ ಉಳಿಯಿತು. ಪರರ ಲಿವರ್ ಅನ್ನೇ ಒಪ್ಪಿಕೊಳ್ಳುವ ಈ ತಾಳ್ಮೆ ವೈರಸ್‌ಗೂ ಆಶ್ರಯ ಕೊಡುತ್ತದೆ.

ಹಾಗಂತ ಸುಮ್ನೆ ಬಿಡುವಂತಿಲ್ಲ. ಎಷ್ಟೋ ವರ್ಷದ ಮೇಲೆ ಟಿ ಕಣಗಳು ಎಚ್ಚರಗೊಳ್ಳಬಹುದು. ಆಗ ಅವಕ್ಕೆ ಪೂರ್ತಿ ಗೆಲ್ಲಲೂ ಆಗುವುದಿಲ್ಲ, ಬಿಟ್ಟುಬಿಡಲೂ ಆಗುವುದಿಲ್ಲ. ಗಾಯ, ಕಲೆ, ಮತ್ತೆ ಗಾಯ. ಕೊನೆಗೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಅಥವಾ ಕ್ಯಾನ್ಸರ್. ಅದಕ್ಕೇ ಆರು ತಿಂಗಳಿಗೊಮ್ಮೆ ಬರಲು ಹುಡುಗನಿಗೆ ಹೇಳಿದೆ. ಬೇಕಾದಾಗ ಕೊಡಲು, ವೈರಸ್ಸನ್ನು ಹತೋಟಿಯಲ್ಲಿಡುವ ಟೆನೊಫೊವಿರ್ ಮಾತ್ರೆ ಇದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಉಚಿತ.

"ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡಲಾ?" ಅಂತ ಅಮ್ಮ ಕೇಳಿದರು. ನಮ್ಮ ಕಡೆ ಕೇಳದವರಿಲ್ಲ. ಈ ಪ್ರಶ್ನೆಯನ್ನು ವಿಜ್ಞಾನ ತಳ್ಳಿಹಾಕಲಿಲ್ಲ. 1988ರಲ್ಲಿ ಮದರಾಸಿನ ಎಸ್. ಪಿ. ತ್ಯಾಗರಾಜನ್ ಅವರ ತಂಡ ಇದನ್ನು ಪರೀಕ್ಷಿಸಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಈ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಅವರೂ ಜೊತೆಗಿದ್ದರು. ನೆಲನೆಲ್ಲಿ ತೆಗೆದುಕೊಂಡವರಲ್ಲಿ ನೂರಕ್ಕೆ 59 ಜನರ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು. ಎಷ್ಟು ಆಸೆ ಹುಟ್ಟಿರಬೇಕು! ಆದರೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಊರಿನಲ್ಲಿ ನೆಲನೆಲ್ಲಿಯಿಂದ ಗುಣವಾಯಿತು ಅನ್ನುವ ಕಾಮಾಲೆ ಹೆಚ್ಚಾಗಿ ನೀರಿನಿಂದ ಬರುವ ಹೆಪಟೈಟಿಸ್ ಎ. ಅದು ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ.

ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಪಾಸಿಟಿವ್. "ಹಾಗಾದ್ರೆ ನಾನೇ ಕೊಟ್ಟದ್ದಾ?" ಅಂತ ಅತ್ತರು. ನಿಮ್ಮ ತಪ್ಪಲ್ಲಮ್ಮ ಅಂದೆ. ಅವರ ಹೆರಿಗೆಯ ಕಾಲದಲ್ಲಿ ಈ ಲಸಿಕೆ ಸರಕಾರದ ಪಟ್ಟಿಯಲ್ಲೇ ಇರಲಿಲ್ಲ. ದೇಶವಿಡೀ ಅದು ಬಂದದ್ದು 2011ರಲ್ಲಿ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ ಇದು ಹರಡುವುದಿಲ್ಲ ಎಂದೂ ಹೇಳಿದೆ. ಅವರು ಆಗಲೇ ತಮ್ಮ ಲೋಟ ಬೇರೆ ಇಡುವ ಯೋಚನೆಯಲ್ಲಿದ್ದರು. ಬೇರೆ ಇರಬೇಕಾದದ್ದು ಬ್ಲೇಡು, ಹಲ್ಲುಜ್ಜುವ ಬ್ರಷ್ಷು.

ಆಮೇಲೆ ನೆನಪಾಯಿತು ಅವರಿಗೆ, ಮಗಳು ಬಸುರಿ. ಅವಳೂ ಪಾಸಿಟಿವ್. ವೈರಸ್ ಜಾಸ್ತಿ ಇದ್ದದ್ದರಿಂದ ಏಳನೇ ತಿಂಗಳಲ್ಲಿ ಮಾತ್ರೆ ಶುರು ಮಾಡಿದೆವು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಎಂದು ಚೀಟಿಯಲ್ಲಿ ದಪ್ಪಗೆ ಬರೆದುಕೊಟ್ಟೆ. ಎದೆಹಾಲು ಕೊಡಬಹುದು ಎಂದೂ ಬರೆದೆ.

ಹೆರಿಗೆಯ ದಿನ ಹುಡುಗ ಫೋನ್ ಮಾಡಿದ. "ಡಾಕ್ಟ್ರೇ, ಎರಡೂ ಇಂಜೆಕ್ಷನ್ ಆಯ್ತು, ಹುಟ್ಟಿ ಮೂರು ಗಂಟೆ ಆಗಿತ್ತಷ್ಟೆ" ಅಂದ. ಗಂಡೋ ಹೆಣ್ಣೋ ಅಂತ ನಾನೇ ಕೇಳಬೇಕಾಯಿತು.